ಮನೆಯಂಗಳದ ನೆಲಹಾಸು

ಗೇಟಿನಿಂದ ಪೋರ್ಟಿಕೊವರೆಗೆ, ವಾಹನ ಒಳಬಂದು ನಿಲ್ಲುವ ಜಾಗಕ್ಕೆ ಹಾಸುವ ಕಲ್ಲು, ಕಾಂಕ್ರೀಟು, ಬ್ಲಾಕು, ಟೈಲ್ಸು, ಜಲ್ಲಿ ಮೊದಲಾದ ಗಟ್ಟಿ ಹೊದಿಕೆ. ನಗರಗಳಲ್ಲಿ ಈ ಜಾಗಕ್ಕೆ ಡ್ರೈವ್‌ವೇ ಎಂಬ ಹೆಸರು ರೂಢಿಗೆ ಬಂದಿದೆ. ಆದರೆ ಕರ್ನಾಟಕದ ಮನೆಗಳಲ್ಲಿ ಅದು ಗಾಡಿಯ ದಾರಿ ಮಾತ್ರವಾಗಿರದೆ ಅಂಗಳವೂ ಆಗಿರುತ್ತದೆ. ಬೆಳಿಗ್ಗೆ ರಂಗೋಲಿ, ಬೇಸಿಗೆಯ ಮಧ್ಯಾಹ್ನ ಹಪ್ಪಳ ಸಂಡಿಗೆ, ಸಂಜೆ ಮಕ್ಕಳ ಆಟ, ರಾತ್ರಿ ಕಾರು, ಶುಭಕಾರ್ಯವಿದ್ದರೆ ಚಪ್ಪರ, ಎಲ್ಲಕ್ಕೂ ಇರುವುದು ಅದೊಂದೇ ನೆಲ. ಮನೆ ಕಟ್ಟುವಾಗ ಬೇರೆಲ್ಲ ಕೆಲಸ ಮುಗಿದು, ಕೈಯಲ್ಲಿದ್ದ ದುಡ್ಡೂ ಮುಗಿಯುತ್ತ ಬಂದು, ಗೃಹಪ್ರವೇಶದ ದಿನ ಹತ್ತಿರವಾದಾಗ ಇದರ ಸರದಿ ಬರುತ್ತದೆ. ಅಂಗಡಿಗೆ ಹೋಗಿ ಬಣ್ಣ ನೋಡಿ, ಚದರಡಿಯ ದರ ಕೇಳಿ, ನಾಲ್ಕು ದಿನದಲ್ಲಿ ಹಾಸಿ ಮುಗಿಸುತ್ತಾರೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಚಕ್ರ ಹಾಯುವ ಜಾಗ ತಗ್ಗಾಗಿ ನೀರು ನಿಲ್ಲತೊಡಗುತ್ತದೆ. ಆಗ ಎಲ್ಲರೂ ಕಲ್ಲನ್ನು ಬೈಯುತ್ತಾರೆ. ಕುಸಿದದ್ದು ಕಲ್ಲಿನ ಕೆಳಗಿನ ನೆಲ. ಆದ್ದರಿಂದ ಈ ಆಯ್ಕೆಯಲ್ಲಿ ಮೊದಲು ನೋಡಬೇಕಾದದ್ದು ನೀರಿನ ದಾರಿ, ಆಮೇಲೆ ಮಣ್ಣು, ಆಮೇಲೆ ಭಾರ. ಬಣ್ಣ, ನುಣುಪು, ಹೊಳಪು ಇವೆಲ್ಲ ಅದರ ನಂತರದ ಮಾತು.

ಹಳೆಯ ಅಂಗಳಗಳು

ಹಾಸಿಲ್ಲದ ಅಂಗಳಕ್ಕೂ ಅದರದೇ ಕಸುಬಿತ್ತು. ಕರಾವಳಿ, ಮಲೆನಾಡಿನ ಅಡಿಕೆ ಬೆಳೆಗಾರರ ಮನೆಗಳಲ್ಲಿ ಮಳೆಗಾಲ ಮುಗಿದ ಮೇಲೆ ಹುಲ್ಲು ಹೆರೆದು, ಮಣ್ಣು ಹದಮಾಡಿ, ಮರದ ಹಲಗೆಯಿಂದ ಬಡಿದು ಸಮಮಾಡಿ, ಸಗಣಿ ಬಳಿದು ಅಂಗಳ ಸಿದ್ಧಪಡಿಸುತ್ತಿದ್ದರು. ಅಡಿಕೆ ಒಣಗುವವರೆಗೆ ಅದು ಬಾಳಿದರೆ ಸಾಕಿತ್ತು. ಮುಂದಿನ ಮಳೆಗೆ ಕರಗಿದರೆ ಯಾರೂ ಮರುಗುತ್ತಿರಲಿಲ್ಲ, ಮರುವರ್ಷ ಮತ್ತೆ ಬಡಿಯುತ್ತಿದ್ದರು. ಬಯಲುಸೀಮೆಯ ಕಣಗಳೂ ಹೀಗೆಯೇ ಸುಗ್ಗಿಯಿಂದ ಸುಗ್ಗಿಗೆ ಹೊಸದಾಗುತ್ತಿದ್ದವು. ಅಂಥ ನೆಲದ ಮೇಲೆ ಬಿದ್ದ ಮಳೆಯಲ್ಲಿ ಬಹುಪಾಲು ಅಲ್ಲೇ ಇಂಗುತ್ತಿತ್ತು. ಎತ್ತಿನ ಗಾಡಿ ಅಂಗಳದ ಅಂಚಿನಲ್ಲೋ ಹೊರಗೋ ನಿಲ್ಲುತ್ತಿತ್ತು. ಕಾರು ಒಳಗೆ ಬಂದ ಮೇಲೆ ಮಣ್ಣಿನ ಅಂಗಳಕ್ಕೆ ಉಳಿಗಾಲವಿಲ್ಲದಾಯಿತು.

ಕಲ್ಲು ಹಾಸಿದ ಅಂಗಳಗಳು ಮೊದಲು ದೇವಸ್ಥಾನಗಳಲ್ಲಿ, ಅರಮನೆಗಳಲ್ಲಿ ಇದ್ದವು. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದ ವಿಶಾಲ ಪ್ರಾಕಾರದಲ್ಲಿ ಚಪ್ಪಡಿಗಳ ಮೇಲೆ ಇಂದಿಗೂ ಜನ ಓಡಾಡುತ್ತಾರೆ. ಏಪ್ರಿಲ್ ತಿಂಗಳ ನಡುಮಧ್ಯಾಹ್ನ ಅಲ್ಲಿ ಬರಿಗಾಲಲ್ಲಿ ನಡೆದವರಿಗೆ ಕಲ್ಲುಹಾಸಿನ ಗುಣದೋಷ ಎರಡೂ ಪಾದದಲ್ಲೇ ತಿಳಿಯುತ್ತವೆ. ಶತಮಾನಗಳ ಓಡಾಟಕ್ಕೂ ಅದು ಜಗ್ಗುವುದಿಲ್ಲ. ಹಗಲಿಡೀ ಹೀರಿಕೊಂಡ ಬಿಸಿಲನ್ನು ಸುಲಭವಾಗಿ ಬಿಟ್ಟುಕೊಡುವುದೂ ಇಲ್ಲ.

ಬೆಂಗಳೂರು, ಮೈಸೂರುಗಳ ಹಳೆಯ ಬಂಗಲೆಗಳಲ್ಲಿ ಕಾಣುತ್ತಿದ್ದ ಇನ್ನೊಂದು ಮಾದರಿ ಈಗ ಬಹುತೇಕ ಮರೆತುಹೋಗಿದೆ. ಗೇಟಿನಿಂದ ಒಳಕ್ಕೆ, ಎರಡು ಚಕ್ರಗಳು ಹಾಯುವಲ್ಲಿ ಮಾತ್ರ ಎರಡು ಪಟ್ಟಿ ಚಪ್ಪಡಿ, ನಡುವೆ ಹುಲ್ಲು. ಸಾಮಾನ್ಯ ಕಾರಿನ ಎಡ ಬಲ ಚಕ್ರಗಳ ನಡುವಿನ ಅಂತರ ಸುಮಾರು ಒಂದೂವರೆ ಮೀಟರ್. ತಲಾ ಎರಡು ಅಡಿ ಅಗಲದ ಪಟ್ಟಿ ಇದ್ದರೆ ಹೊಸದಾಗಿ ಗಾಡಿ ಕಲಿತವರೂ ತಪ್ಪದೆ ಓಡಿಸಬಹುದು. 10 ಮೀಟರ್ ಉದ್ದ, 3 ಮೀಟರ್ ಅಗಲದ ದಾರಿಯನ್ನು ಪೂರ್ತಿ ಹಾಸಿದರೆ 30 ಚದರ ಮೀಟರ್ ಕಲ್ಲು ಬೇಕು, ಪಟ್ಟಿಗಾದರೆ 12 ಚದರ ಮೀಟರ್ ಸಾಕು. ಖರ್ಚು ಅರ್ಧಕ್ಕೂ ಕಡಿಮೆ. ಉಳಿದ 18 ಚದರ ಮೀಟರ್ ನೆಲ ಉಸಿರಾಡುತ್ತಿರುತ್ತದೆ, ನೀರು ಕುಡಿಯುತ್ತದೆ. ಜಾಗ ನೆಟ್ಟಗಿದ್ದು, ಗಾಡಿ ತಿರುಗಿಸುವ ಅಗತ್ಯ ಇಲ್ಲದ ಮನೆಗಳಿಗೆ ಇದಕ್ಕಿಂತ ಒಳ್ಳೆಯ ಹಾಸನ್ನು ಸೂಚಿಸುವುದು ಕಷ್ಟ. ವಿನ್ಯಾಸಕಾರರು ಇದನ್ನು ಮತ್ತೆ ನೆನಪಿಸಿಕೊಳ್ಳಬೇಕು.

ನೀರು ಮತ್ತು ನೆಲ

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರಾಗುತ್ತದೆ. ಆ ಲೆಕ್ಕದಲ್ಲಿ 30 ಚದರ ಮೀಟರ್ ಅಂಗಳದ ಮೇಲೆ ಒಂದು ಸಂಜೆ 50 ಮಿ.ಮೀ. ಸುರಿದರೆ 1,500 ಲೀಟರ್. ಬೆಂಗಳೂರಿನ ವಾರ್ಷಿಕ ಸರಾಸರಿ ಮಳೆ 900 ಮಿ.ಮೀ.ಗೂ ಹೆಚ್ಚು. ಅಂದರೆ ಇಷ್ಟು ಸಣ್ಣ ಅಂಗಳವೇ ವರ್ಷಕ್ಕೆ 27,000 ಲೀಟರ್‌ಗೂ ಮಿಕ್ಕಿ ನೀರು ಹಿಡಿಯುತ್ತದೆ. ಇದಕ್ಕೆ ತಾರಸಿಯ ಪೈಪಿನಿಂದ ಬೀಳುವುದನ್ನೂ ಸೇರಿಸಬೇಕು. ಪೂರ್ತಿ ಮುಚ್ಚಿದ ಅಂಗಳದಿಂದ ಅದಷ್ಟೂ ಬೀದಿಯ ಚರಂಡಿಗೆ ಹೋಗುತ್ತದೆ. ಬೀದಿಯ ಎರಡೂ ಬದಿಯ ಮನೆಗಳವರು ಹೀಗೇ ಮಾಡಿದಾಗ ತಗ್ಗಿನ ಮನೆಯವರ ಹೊಸ್ತಿಲಿಗೆ ನೀರು ಏರುತ್ತದೆ. ಅದೇ ಮನೆಗಳವರು ಮಾರ್ಚ್ ಬಂದಾಗ ಟ್ಯಾಂಕರ್ ನೀರಿಗೆ ಕಾಯುತ್ತಾರೆ.

ಬೆಂಗಳೂರು ಜಲಮಂಡಳಿಯ ಕಾಯ್ದೆಗೆ 2009ರಲ್ಲಿ ತಂದ ತಿದ್ದುಪಡಿ, ಹೊಸದಾಗಿ ಕಟ್ಟುವವರಲ್ಲಿ 1,200 ಚದರಡಿ ಮತ್ತು ಅದಕ್ಕೆ ಮೇಲ್ಪಟ್ಟ ನಿವೇಶನಗಳಿಗೂ, ಮೊದಲೇ ಕಟ್ಟಿದವರಲ್ಲಿ 2,400 ಚದರಡಿ ಮತ್ತು ಮೇಲ್ಪಟ್ಟವಕ್ಕೂ ಮಳೆನೀರು ಸಂಗ್ರಹವನ್ನು ಕಡ್ಡಾಯ ಮಾಡಿತು. ತಾರಸಿಯ ನೀರಿನ ಬಗ್ಗೆ ಜನ ಸ್ವಲ್ಪವಾದರೂ ಯೋಚಿಸುತ್ತಾರೆ. ಅಂಗಳದ ನೀರು ಲೆಕ್ಕಕ್ಕೇ ಬರುವುದಿಲ್ಲ. ಗೇಟಿನ ಒಳಗೆ ಅಡ್ಡಲಾಗಿ ಒಂದು ಕಿರುಚರಂಡಿ ಮಾಡಿ, ಅದರ ಮೇಲೆ ಕಬ್ಬಿಣದ ಜಾಲರಿ ಕೂರಿಸಿ, ಅಲ್ಲಿ ಸೇರಿದ ನೀರನ್ನು ಮೂಲೆಯ ಇಂಗುಗುಂಡಿಗೆ ತಿರುಗಿಸಿದರೆ ಅದೇ ಅರ್ಧ ಕೆಲಸ. ಕಾರು ತೊಳೆದ ಎಣ್ಣೆ, ಸೋಪಿನ ನೀರು ಆ ಗುಂಡಿಗೆ ಇಳಿಯದಂತೆ ತೊಳೆಯುವ ಜಾಗವನ್ನು ಬೇರೆ ಇಟ್ಟುಕೊಳ್ಳುವುದು ಅಷ್ಟೇ ಮುಖ್ಯ.

ಇನ್ನು ವಾಟ. ಹತ್ತು ಅಡಿಗೆ ಎರಡು ಇಂಚು ಇಳಿಸಿದರೆ ನೀರು ನಿಲ್ಲದೆ ಹರಿಯುತ್ತದೆ, ನಡೆಯುವವರಿಗೆ ಇಳಿಜಾರು ಗೊತ್ತೂ ಆಗುವುದಿಲ್ಲ. ನುಣುಪಾದ ಹಾಸಿಗೆ ಸ್ವಲ್ಪ ಕಡಿಮೆ ಸಾಕು, ಒರಟು ಕಲ್ಲಿಗೆ ಅಷ್ಟು ಬೇಕೇಬೇಕು. ಇಳಿಜಾರು ಗೋಡೆಯ ಕಡೆಗೆ ಹೋಗದೆ ಯಾವತ್ತೂ ಮನೆಯಿಂದ ಆಚೆಗಿರಬೇಕು. ಅನುಭವಿ ಮೇಸ್ತ್ರಿ ರಸಮಟ್ಟ ಹಿಡಿದು ದಾರ ಕಟ್ಟಿದ ಮೇಲೂ ಸುಮ್ಮನಾಗುವುದಿಲ್ಲ. ಎರಡು ಕೊಡ ನೀರು ತಂದು ಪೋರ್ಟಿಕೊದ ಮೆಟ್ಟಿಲ ಬಳಿ ಸುರಿದು, ಕುಕ್ಕರಗಾಲಲ್ಲಿ ಕೂತು ನೋಡುತ್ತಾನೆ. ನೀರು ಎಲ್ಲಿ ತಡೆಯಿತು, ಎಲ್ಲಿ ಎರಡಾಗಿ ಒಡೆಯಿತು, ಗೇಟಿನ ಕಂಬದ ಹತ್ತಿರ ಎಲ್ಲಿ ಸುತ್ತಿ ನಿಂತಿತು ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾನೆ. ಸಿಮೆಂಟು ಹಸಿಯಿರುವಾಗ ಐದು ನಿಮಿಷದಲ್ಲಿ ಸರಿಹೋಗುವ ತಪ್ಪು ಅದು. ಒಣಗಿದ ಮೇಲೆ ಒಡೆಯದೆ ವಿಧಿಯಿಲ್ಲ.

ಮಣ್ಣು ಊರಿನಿಂದೂರಿಗೆ ಬೇರೆ. ದಕ್ಷಿಣದ ಕೆಂಪು ಗರಸು ನೆಲ ಸಾಮಾನ್ಯವಾಗಿ ಗಟ್ಟಿ, ಹೆಚ್ಚಿನ ಉಪಚಾರ ಕೇಳುವುದಿಲ್ಲ. ಧಾರವಾಡ, ಗದಗ, ವಿಜಯಪುರ, ಕಲಬುರಗಿ ಕಡೆಯ ಎರೆಮಣ್ಣಿನ ಮಾತೇ ಬೇರೆ. ಮಳೆಗೆ ಅದು ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರುಕು ಬಿಡುತ್ತದೆ. ಅದರ ಮೇಲೆ ನೇರವಾಗಿ ಎಂಥ ದಪ್ಪದ ಕಾಂಕ್ರೀಟು ಹಾಕಿದರೂ ವರ್ಷದೊಳಗೆ ಸೀಳುತ್ತದೆ. ಅಂಥಲ್ಲಿ ಒಂದೂವರೆ ಎರಡು ಅಡಿ ಎರೆ ತೆಗೆದು, ಗರಸು ತುಂಬಿ, ನೀರು ಚಿಮುಕಿಸಿ, ಆರಾರು ಇಂಚಿನ ಪದರವಾಗಿ ದಮ್ಮಸು ಹೊಡೆಯಬೇಕು. ಗದ್ದೆ ತುಂಬಿಸಿ, ಕೆರೆಯಂಗಳ ಮುಚ್ಚಿ ಮಾಡಿದ ಬಡಾವಣೆಗಳಲ್ಲಿ ತುಂಬಿದ ಮಣ್ಣು ಕೂರಲು ಕೆಲವು ವರ್ಷಗಳೇ ಹಿಡಿಯುತ್ತವೆ. ಅಲ್ಲಿ ಬಿಚ್ಚಿ ಮತ್ತೆ ಹಾಸಬಹುದಾದ ವಸ್ತುವನ್ನೇ ಆರಿಸುವುದು ಜಾಣತನ. ಯಾವ ಮಣ್ಣಿನಲ್ಲೂ ತಪ್ಪದ ಒಂದು ದುರ್ಬಲ ಜಾಗವಿದೆ: ಪಾಯದ ಗೋಡೆಯ ಪಕ್ಕ, ಸಂಪಿನ ಸುತ್ತ ಅಗೆದು ಮರಳಿ ಮುಚ್ಚಿದ ಮಣ್ಣು. ಅದನ್ನು ಸಡಿಲವಾಗಿ ತುಂಬಿ ಮೇಲೆ ಹಾಸು ಹಾಕಿದ ಮನೆಗಳಲ್ಲಿ ಗೋಡೆಯುದ್ದಕ್ಕೂ ಒಂದು ತಗ್ಗುಗೆರೆ ಬಿದ್ದಿರುತ್ತದೆ.

ಬುಡಕ್ಕೆ ಗರಸಿನ ಮೇಲೆ 40 ಮಿ.ಮೀ. ಜಲ್ಲಿ ಮತ್ತು ಜಲ್ಲಿಪುಡಿ ಬೆರೆಸಿದ ನಾಲ್ಕರಿಂದ ಆರು ಇಂಚಿನ ಪದರ, ಅದಕ್ಕೆ ಯಂತ್ರದ ದಮ್ಮಸು. ಗುತ್ತಿಗೆದಾರರು ಕೊಡುವ ಚದರಡಿಯ ದರದಲ್ಲಿ ಇದು ಸೇರಿದೆಯೋ ಇಲ್ಲವೋ ಎಂಬುದೇ ಕೇಳಬೇಕಾದ ಮೊದಲ ಪ್ರಶ್ನೆ. ಎರಡು ದರಗಳ ನಡುವೆ ದೊಡ್ಡ ಅಂತರವಿದ್ದರೆ ಅದು ಹೆಚ್ಚಾಗಿ ಅಡಗಿರುವುದು ಇಲ್ಲೇ.

ಭಾರ

ಸಣ್ಣ ಕಾರು ಒಂದು ಟನ್ನಿನ ಆಸುಪಾಸು, ದೊಡ್ಡ ಎಸ್‌ಯುವಿ ಎರಡು ಟನ್ನಿನ ಹತ್ತಿರ. ಅದನ್ನು ನಾಲ್ಕು ಚಕ್ರಗಳು ಹಂಚಿಕೊಳ್ಳುತ್ತವೆ. ಪ್ರತಿ ಚಕ್ರ ನೆಲ ಮುಟ್ಟುವುದು ಒಂದು ಅಂಗೈಯಗಲ ಜಾಗದಲ್ಲಿ. ಹಾಸಿಗೆ ಓಡುವ ಗಾಡಿಗಿಂತ ಹೆಚ್ಚು ಕೇಡು ಮಾಡುವುದು ನಿಂತಲ್ಲೇ ಸ್ಟೇರಿಂಗ್ ತಿರುಗಿಸುವ ಅಭ್ಯಾಸ. ಚಕ್ರ ಅರೆಯುವ ಆ ಜಾಗದಲ್ಲಿ ಬ್ಲಾಕುಗಳು ಸರಿಯುತ್ತವೆ, ಟೈಲ್ಸಿನ ಹೊಳಪು ಹೋಗುತ್ತದೆ. ಸ್ಕೂಟರಿನ ಸೈಡ್ ಸ್ಟ್ಯಾಂಡು ಇನ್ನೂ ಕ್ರೂರ. ಗಾಡಿಯ ಭಾರದ ಒಂದು ಪಾಲು ಎರಡು ಬೆರಳಿನಗಲದ ಕಬ್ಬಿಣದ ಮೇಲೆ ನಿಲ್ಲುವುದರಿಂದ, ಕೆಳಗೆ ಪೊಳ್ಳಿರುವ ಟೈಲಿನ ಮೂಲೆ ಅಲ್ಲೇ ಚಟ್ ಎಂದು ಮುರಿಯುತ್ತದೆ.

ಬೆಂಗಳೂರಿನ ಬಹುಪಾಲು ಮನೆಗಳಲ್ಲಿ ಸಂಪು ಇರುವುದೇ ಕಾರು ನಿಲ್ಲುವ ಜಾಗದ ಅಡಿಯಲ್ಲಿ. ಆದ್ದರಿಂದ ಸಂಪಿನ ಮೇಲಿನ ಸ್ಲ್ಯಾಬು ಕಾರಿನ ಭಾರ ಹೊರುವಂತೆ ಎಂಜಿನಿಯರು ಕಂಬಿ ಲೆಕ್ಕ ಹಾಕಿಯೇ ಎರಕವಾಗಬೇಕು. ಅದರ ಬಾಯಿ ಚಕ್ರ ಹಾಯುವ ದಾರಿಯಿಂದ ಪಕ್ಕಕ್ಕಿರಬೇಕು ಮತ್ತು ಸುತ್ತಲಿನ ಹಾಸಿಗಿಂತ ಒಂದೆರಡು ಇಂಚು ಎತ್ತರಕ್ಕಿರಬೇಕು. ಚೆನ್ನಾಗಿ ಕಾಣಲೆಂದು ಮುಚ್ಚಳವನ್ನು ಅಂಗಳದ ಮಟ್ಟಕ್ಕೇ ಕೂರಿಸಿದ ಮನೆಗಳಲ್ಲಿ ಕಾರು ತೊಳೆದ ನೀರು, ಮೊದಲ ಮಳೆಯ ಕೊಚ್ಚೆ ಕುಡಿಯುವ ನೀರಿಗೇ ಸೇರುತ್ತದೆ. ನೆಲಹಾಸಿನ ವಿಷಯದಲ್ಲಿ ಜನರ ಆರೋಗ್ಯಕ್ಕೆ ನೇರವಾಗಿ ತಾಗುವ ತಪ್ಪು ಇದು.

ಕಲ್ಲು

ಕರ್ನಾಟಕದವರು ಹಾಸುಗಲ್ಲಿನ ವಿಷಯದಲ್ಲಿ ಪುಣ್ಯವಂತರು. ರಾಜ್ಯದ ಬಹುಭಾಗದ ನೆಲದಡಿಯಲ್ಲಿರುವುದು ಪರ್ಯಾಯದ್ವೀಪ ನೈಸ್ ಎಂಬ ಪ್ರಾಚೀನ ಶಿಲೆ. ಸುಮಾರು 300 ಕೋಟಿ ವರ್ಷ ಹಳೆಯದೆಂದು ಗುರುತಿಸಿರುವ ಲಾಲ್‌ಬಾಗಿನ ಬಂಡೆ ಅದರ ಹೆಸರಾಂತ ಮಾದರಿ. ಅದಕ್ಕೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕದ ಮನ್ನಣೆಯಿದೆ. ಬೆಂಗಳೂರು, ಕೋಲಾರ ಸೀಮೆಯ ಕಲ್ಲುಕುಟಿಗರು ಇಂಥ ಬಂಡೆಗಳ ಮೈಮೇಲೆ ಸೌದೆ ಉರಿಸಿ, ಬೆಂಕಿಯನ್ನು ಮೆಲ್ಲಗೆ ಮುಂದಕ್ಕೆ ಸರಿಸುತ್ತ, ಕಾದ ಪದರವನ್ನು ಬಂಡೆಯಿಂದ ಬಿಡಿಸುತ್ತಿದ್ದರು. ಹಾಗೆ ಎದ್ದ ಹಾಳೆಗೆ ಸಾಲಾಗಿ ಉಳಿಯಿಂದ ಗುಳಿ ತೋಡಿ, ಬೆಣೆ ಬಡಿದು ಬೇಕಾದ ಅಳತೆಗೆ ಸೀಳುತ್ತಿದ್ದರು. ಆ ಚಪ್ಪಡಿಗಳೇ ಸೂರಾದವು, ಬೇಲಿಯ ಕಂಬವಾದವು, ಚರಂಡಿಯ ಮುಚ್ಚಳವಾದವು, ಬಟ್ಟೆ ಒಗೆಯುವ ಕಲ್ಲಾದವು.

ದೇವನಹಳ್ಳಿ ಕಡೆಯ ಸಾದರಹಳ್ಳಿ ಕಲ್ಲು ಅಂಗಳದ ಹಾಸಿಗೆ ಹೇಳಿಮಾಡಿಸಿದ್ದು. ಬೂದುಬಣ್ಣ, ಸಮನಾದ ಕಣ, ನೀರು ಹೀರುವುದು ತೀರ ಕಡಿಮೆ. ಅದನ್ನು ಹೊಳಪು ಹಾಕಿಸದೆ, ಉಳಿ ಹೊಡೆದೋ ಬೆಂಕಿಯ ಜ್ವಾಲೆಯಿಂದ ಒರಟು ಮಾಡಿಸಿಯೋ ಬಳಸಬೇಕು. ಎರಡು ಇಂಚು ದಪ್ಪದ ಕಲ್ಲನ್ನು ಗಟ್ಟಿ ಬುಡದ ಮೇಲೆ ಪೊಳ್ಳಿಲ್ಲದಂತೆ ಕೂರಿಸಿದರೆ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ. ಮನೆ ಒಡೆದಾಗಲೂ ಎತ್ತಿ ಮಾರಬಹುದಾದ ಹಾಸು ಅದು. ಇಳಕಲ್ಲಿನ ಕೆಂಪು ಗ್ರಾನೈಟು, ಚಾಮರಾಜನಗರದ ಕಪ್ಪು ಗ್ರಾನೈಟು ವಿದೇಶಗಳಿಗೂ ಹೋಗುವಷ್ಟು ಹೆಸರುವಾಸಿ. ಆದರೆ ಅವುಗಳ ಬೆಲೆ ಇರುವುದು ಹೊಳಪಿನಲ್ಲಿ. ಹೊಳಪು ಹಾಕಿದ ಕಪ್ಪುಕಲ್ಲು ಅಂಗಳದಲ್ಲಿ ಮಳೆಗೆ ಜಾರುತ್ತದೆ, ಬಿಸಿಲಿಗೆ ಸುಡುತ್ತದೆ.

ಗ್ರಾನೈಟನ್ನೇ ನಾಲ್ಕು ಇಂಚಿನ ಸಣ್ಣ ಚೌಕಗಳಾಗಿ ಒಡೆದು ಹಾಸುವುದೂ ಉಂಟು. ಕಾಬಲ್ ಸ್ಟೋನ್ ಎಂದು ಕರೆಯುವ ಇದು ಬೆಂಗಳೂರಿನ ಚರ್ಚ್ ಸ್ಟ್ರೀಟ್ ನವೀಕರಣದ ನಂತರ ಜನರ ಕಣ್ಣಿಗೆ ಬಿತ್ತು. ಸುತ್ತಿ ಏರುವ ದಾರಿಗಳಿಗೆ, ಚಕ್ರಕ್ಕೆ ಹಿಡಿತ ಬೇಕಾದ ಕಡಿದಾದ ಇಳಿಜಾರಿಗೆ ಒಪ್ಪುತ್ತದೆ. ಆದರೆ ಊರುಗೋಲು ಹಿಡಿದು ನಡೆಯುವವರು, ಗಾಲಿಕುರ್ಚಿಯವರು ಇರುವ ಮನೆಗೆ ಬೇಡ.

ಉತ್ತರದಲ್ಲಿ ಶಹಾಬಾದ್ ಕಲ್ಲಿನ ರಾಜ್ಯ. ಕಲಬುರಗಿ ಜಿಲ್ಲೆಯ ಶಹಾಬಾದ್, ಚಿತ್ತಾಪುರ, ಸೇಡಂ ಸುತ್ತಲಿನ ಈ ಸುಣ್ಣಕಲ್ಲು ಭೂಗರ್ಭದಲ್ಲಿ ಪುಸ್ತಕದ ಹಾಳೆಗಳಂತೆ ಪದರಪದರವಾಗಿದೆ. ಹಾರೆ ಹಾಕಿ ಎಬ್ಬಿಸಿದರೆ ಸಮತಟ್ಟಾದ ಫರಸಿಯಾಗಿಯೇ ಏಳುತ್ತದೆ, ಹೆಚ್ಚು ಗರಗಸದ ಕೆಲಸ ಬೇಕಿಲ್ಲ. ಅದರ ಅಗ್ಗದ ಗುಟ್ಟು ಇಷ್ಟೇ. ವಾಡಿ, ಶಹಾಬಾದುಗಳಲ್ಲಿ ಸಿಮೆಂಟು ಕಾರ್ಖಾನೆಗಳು ಎದ್ದದ್ದೂ ಇದೇ ಸುಣ್ಣಕಲ್ಲನ್ನು ನಂಬಿ. ಗಡಿ ದಾಟಿದರೆ ತೆಲಂಗಾಣದ ತಾಂಡೂರು ಕಲ್ಲು ಇದೇ ಭೀಮಾ ಶಿಲಾವರ್ಗದ್ದು. ಆಂಧ್ರದ ಕಡಪಾ ಕಲ್ಲು, ರಾಜಸ್ಥಾನದ ಕೋಟಾ ಕಲ್ಲು ಸಹ ಸುಣ್ಣಕಲ್ಲುಗಳೇ. ಮನೆಯೊಳಗೆ, ಜಗುಲಿಯಲ್ಲಿ ಇವಕ್ಕೆ ಸಾಟಿಯಿಲ್ಲ. ಅಂಗಳಕ್ಕೆ ಹಾಸುವಾಗ ಮಾತ್ರ ನಾಲ್ಕು ಎಚ್ಚರಿಕೆ ಬೇಕು. ಒಂದು ಇಂಚಿಗಿಂತ ತೆಳು ಕಲ್ಲು ಗಾಡಿಯ ಕೆಳಗೆ ಬೇಡ. ಪದರ ಕಲ್ಲಾದ್ದರಿಂದ ನೀರು ನಿಂತಲ್ಲಿ ಸಿಪ್ಪೆ ಏಳುತ್ತದೆ, ವಾಟ ಸರಿಯಿರಲಿ. ಹೊಳಪು ಹಾಕಿಸದೆ ಸಹಜ ಒರಟಿನಲ್ಲೇ ಇರಲಿ. ಮುಖ್ಯವಾಗಿ, ಆಸಿಡ್ ಹಾಕಿ ತೊಳೆಯಬಾರದು. ಕೆಲಸ ಮುಗಿದ ದಿನ ಸಿಮೆಂಟಿನ ಕಲೆ ತೆಗೆಯಲೆಂದು ಗ್ರಾನೈಟಿನ ಮೇಲೆ ಹಾಕುವ ಆಸಿಡನ್ನೇ ಇದರ ಮೇಲೂ ಸುರಿದರೆ ಕಲ್ಲು ನೊರೆಯೆದ್ದು ಮೈ ತಿನ್ನಿಸಿಕೊಳ್ಳುತ್ತದೆ. ಆ ಬಿಳಿಚಿದ ಕಲೆ ಮತ್ತೆ ಹೋಗುವುದಿಲ್ಲ.

ಕರಾವಳಿಯ ಕೆಂಪುಕಲ್ಲು ಊರಿಂದೂರಿಗೆ ಮುರಕಲ್ಲು, ಚಿರೆಕಲ್ಲು ಎಂದು ಹೆಸರು ಬದಲಿಸುತ್ತದೆ. ಮೈಸೂರು, ಕೆನರಾ, ಮಲಬಾರ್ ಸೀಮೆಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ; ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದ ಹೆಸರು. ನೆಲದೊಳಗಿದ್ದಾಗ ಕೊಡಲಿಯಿಂದ ಕತ್ತರಿಸುವಷ್ಟು ಮೆದು, ಗಾಳಿಗೆ ಬಿದ್ದ ಮೇಲೆ ಗಟ್ಟಿ. ಗೋಡೆಗೆ, ಅಂಗಳದ ಅಂಚುಕಟ್ಟೆಗೆ, ಹೂಪಾತಿಯ ಸುತ್ತಿಗೆ ಇದರಷ್ಟು ಚಂದದ್ದು ಬೇರಿಲ್ಲ. ಆದರೆ ರಂಧ್ರಗಳಿರುವುದರಿಂದ ನೀರು ಹಿಡಿದು ಪಾಚಿ ಕಟ್ಟುತ್ತದೆ, ಚಕ್ರದ ಉಜ್ಜಿಗೆ ಸವೆಯುತ್ತದೆ. ಈಚೆಗೆ ತೆಳುವಾಗಿ ಕೊಯ್ದು ಟೈಲಿನಂತೆ ಮಾರುವ ಕೆಂಪುಕಲ್ಲನ್ನು ಗಾಡಿ ಹಾಯುವಲ್ಲಿ ಹಾಸುವುದು ಕಲ್ಲಿಗೂ ಮಾಡುವ ಅನ್ಯಾಯ.

ಕಾಂಕ್ರೀಟು

ಅಗ್ಗ, ಬೇಗ, ಎಲ್ಲ ಊರಲ್ಲೂ ಮಾಡುವವರಿದ್ದಾರೆ. ಕಾರಿಗೆ ನಾಲ್ಕು ಇಂಚು ದಪ್ಪ ಸಾಕು; ಟ್ಯಾಂಕರು, ಲಾರಿ ಒಳಗೆ ಬರುವುದಿದ್ದರೆ ಆರು ಇಂಚು. ಕಾಂಕ್ರೀಟು ಒಣಗುತ್ತ ಕುಗ್ಗುವುದು ಅದರ ಸ್ವಭಾವ, ಆದ್ದರಿಂದ ಬಿರುಕು ಬಂದೇ ಬರುತ್ತದೆ. ಅದು ಎಲ್ಲಿ ಬರಬೇಕೆಂದು ಮೊದಲೇ ಗೊತ್ತುಮಾಡುವುದು ಮಾತ್ರ ನಮ್ಮ ಕೈಯಲ್ಲಿದೆ. ಎಂಟು ಹತ್ತು ಅಡಿಗೊಂದು ಸಂದು ಬಿಟ್ಟರೆ ಬಿರುಕು ಸಂದಿನೊಳಗೇ ಅಡಗುತ್ತದೆ. ಬಿಡದಿದ್ದರೆ ಅಂಗಳದ ನಡುವೆ ನದಿಯ ನಕ್ಷೆಯಂತೆ ಹರಿಯುತ್ತದೆ. ಜಾರದಿರಲೆಂದು ಮೇಸ್ತ್ರಿಗಳು ಹಸಿ ಮೈಮೇಲೆ ದಾರ ಒತ್ತಿ ಚೌಕದ ಗೆರೆ ಮೂಡಿಸುತ್ತಾರೆ, ಇಲ್ಲವೇ ಒರಟು ಪೊರಕೆ ಎಳೆಯುತ್ತಾರೆ. ಹೊಸ ಮನೆಗಳಲ್ಲಿ ಬಣ್ಣ ಚೆಲ್ಲಿ ಕಲ್ಲಿನ ಅಚ್ಚು ಒತ್ತುವುದೂ ಬಂದಿದೆ. ಬಣ್ಣ ಸವೆದ ಮೇಲೆ ಅದನ್ನು ಸರಿಮಾಡುವುದು ಕಷ್ಟ.

ಎಲ್ಲಕ್ಕಿಂತ ಹೆಚ್ಚು ಅಂಗಳಗಳು ಕೆಡುವುದು ಸಾಕಷ್ಟು ನೀರು ಹೊಡೆಯದೆ. ಹಾಕಿದ ಮರುದಿನದಿಂದ ಕನಿಷ್ಠ ಏಳು ದಿನ, ಬೇಸಿಗೆಯಲ್ಲಿ ಹತ್ತು ದಿನಕ್ಕೂ ಮೇಲೆ, ಒದ್ದೆ ಗೋಣಿಚೀಲ ಹೊದಿಸಿಯೋ ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸಿಯೋ ಕಾಪಾಡಬೇಕು. ಗೃಹಪ್ರವೇಶಕ್ಕೆ ಮೂರು ದಿನವಿದೆ ಎಂದಾಗ ಹಾಕಿದ ಕಾಂಕ್ರೀಟಿನ ಮೇಲೆ ಶಾಮಿಯಾನದ ಲಾರಿ ಹತ್ತಿದರೆ ಆ ಅಂಗಳದ ಆಯಸ್ಸು ಅಂದೇ ಅರ್ಧವಾಯಿತು.

ಇಂಟರ್‌ಲಾಕ್ ಬ್ಲಾಕು

ಇವತ್ತು ಊರೂರಲ್ಲೂ ಕಾಣುವ ಹಾಸು ಇದು. ಇದರ ಮೂಲ ನೆದರ್‌ಲೆಂಡ್ಸ್. ಮೆದು ನೆಲದ ಆ ದೇಶದಲ್ಲಿ ಬೀದಿಗಳಿಗೆ ಮರಳಿನ ಮೇಲೆ ಇಟ್ಟಿಗೆ ಹಾಸಿ, ಕುಸಿದಾಗ ಎತ್ತಿ ಮತ್ತೆ ಹಾಸುವ ಪದ್ಧತಿ ಹಿಂದಿನಿಂದ ಇತ್ತು. ಎರಡನೆಯ ಮಹಾಯುದ್ಧದ ನಂತರ ಇಟ್ಟಿಗೆಗೆ ಕೊರತೆಯಾದಾಗ ಅದೇ ಅಳತೆಯ ಕಾಂಕ್ರೀಟ್ ತುಂಡುಗಳು ಆ ಜಾಗಕ್ಕೆ ಬಂದವು. ಸಿಮೆಂಟಿನಿಂದ ಅಂಟಿಸದೆ, ಸಂದಿನೊಳಗಿನ ಮರಳಿನ ಒತ್ತಡದಿಂದಲೇ ಒಂದನ್ನೊಂದು ಹಿಡಿದು ನಿಲ್ಲುವುದು ಇದರ ಜೀವಾಳ. ಒಂದು ಬ್ಲಾಕಿನ ಮೇಲೆ ಚಕ್ರ ಬಂದರೆ ಅಕ್ಕಪಕ್ಕದ ಬ್ಲಾಕುಗಳೂ ಭಾರ ಹಂಚಿಕೊಳ್ಳುತ್ತವೆ.

ಭಾರತೀಯ ಮಾನಕ ಐಎಸ್ 15658, 2006ರಲ್ಲಿ ಮೊದಲು ಬಂದಾಗ, ಬ್ಲಾಕುಗಳನ್ನು ಬಳಕೆಗೆ ತಕ್ಕಂತೆ ವಿಂಗಡಿಸಿತು. ಗಾಡಿ ಹೋಗದ ಕಾಲುದಾರಿಗೆ 50 ಮಿ.ಮೀ. ದಪ್ಪ, ಎಂ-30 ಬಲ; ಕಾರು ನಿಲ್ಲುವಂಥ ಹಗುರ ಸಂಚಾರಕ್ಕೆ 60 ಮಿ.ಮೀ., ಎಂ-35, ಮಧ್ಯಮ ಸಂಚಾರಕ್ಕೆ 80 ಮಿ.ಮೀ., ಎಂ-40. ಹೀರುವ ನೀರು ಸರಾಸರಿ ಶೇ. 6ನ್ನು ಮೀರಬಾರದು. ಮನೆಗೆ 60 ಮಿ.ಮೀ. ಬ್ಲಾಕು ಸರಿಯಾದ ಆಯ್ಕೆ. ಭಾರದ ವಾಹನ ಬರುವುದಿದ್ದರೆ 80.

ಮಾರುಕಟ್ಟೆಯಲ್ಲಿ ಎರಡು ಜಾತಿಯ ಬ್ಲಾಕು ಸಿಗುತ್ತದೆ. ರಬ್ಬರ್ ಅಚ್ಚಿಗೆ ತೆಳ್ಳನೆಯ ಕಾಂಕ್ರೀಟು ಸುರಿದು, ನಡುಗುವ ಮೇಜಿನ ಮೇಲಿಟ್ಟು ಮಾಡಿದ್ದು ಕನ್ನಡಿಯಂತೆ ಹೊಳೆಯುತ್ತದೆ. ಯಂತ್ರದಲ್ಲಿ ಒತ್ತಿ ತೆಗೆದದ್ದರ ಮೈ ಒರಟು, ನೋಟಕ್ಕೆ ಸಪ್ಪೆ. ಗಿರಾಕಿಯ ಕಣ್ಣು ಸಹಜವಾಗಿ ಹೊಳೆಯುವುದರ ಮೇಲೆ ಬೀಳುತ್ತದೆ. ಮಳೆಯಲ್ಲಿ ಜಾರುವುದು ಅದೇ, ಬೇಗ ಮಂಕಾಗುವುದೂ ಅದೇ. ಕೊಳ್ಳುವ ಮೊದಲು ಒಂದು ಬ್ಲಾಕನ್ನು ಒಡೆಸಿ ನೋಡಬೇಕು: ಬಣ್ಣ ಎಷ್ಟು ಆಳಕ್ಕಿದೆ, ಒಳಗೆ ಜಲ್ಲಿ ಕಾಣುತ್ತದೆಯೇ ಅಥವಾ ಬರೀ ಪುಡಿಯೇ, ಒಡೆದದ್ದು ಕಲ್ಲಿನಂತೆ ಚೂಪಾಗಿ ಒಡೆಯಿತೇ ಅಥವಾ ರಸ್ಕಿನಂತೆ ಉದುರಿತೇ.

ಹಾಸುವ ಕ್ರಮವೂ ಸರಳ. ದಮ್ಮಸಾದ ಬುಡದ ಮೇಲೆ 25ರಿಂದ 40 ಮಿ.ಮೀ. ಮರಳು ಅಥವಾ ಎಂ-ಸ್ಯಾಂಡ್, ಅದರ ಮೇಲೆ ಬ್ಲಾಕು, ಯಂತ್ರದಿಂದ ಅದುರಿಸಿ ಕೂರಿಸಿದ ಮೇಲೆ ಸಂದುಗಳಿಗೆ ನಯವಾದ ಒಣಮರಳು. ತಗ್ಗು ಮುಚ್ಚಲು ಮರಳನ್ನೇ ದಪ್ಪಗೆ ಸುರಿದರೆ ಚಕ್ರದಡಿ ಅಷ್ಟೂ ಕುಸಿಯುತ್ತದೆ. ಸುತ್ತಲೂ ಕಾಂಕ್ರೀಟಿನ ಅಂಚುಕಟ್ಟು ಇಲ್ಲದಿದ್ದರೆ ಇಡೀ ಹಾಸು ನಿಧಾನವಾಗಿ ಹೊರಕ್ಕೆ ಸರಿಯುತ್ತದೆ. ಆಯತದ ಬ್ಲಾಕಾದರೆ ಬಾಳೆಎಲೆಯ ಗೆರೆಗಳಂತೆ ಓರೆಯೋರೆಯಾಗಿ ಜೋಡಿಸಿದ ಸಾಲು ಚಕ್ರ ತಿರುಗುವ ಒತ್ತಡವನ್ನು ಚೆನ್ನಾಗಿ ತಡೆಯುತ್ತದೆ. ಅನೇಕರು ಗಟ್ಟಿಯಾಗಲೆಂದು ಸಂದುಗಳಿಗೆ ಸಿಮೆಂಟು ಹಾಲು ಸುರಿಸುತ್ತಾರೆ. ಅಲ್ಲಿಗೆ ಆ ಬ್ಲಾಕು ತನ್ನ ಎರಡು ಗುಣಗಳನ್ನೂ ಕಳೆದುಕೊಂಡಿತು: ನೀರಿಂಗುವ ಸಂದು ಮುಚ್ಚಿತು, ಪೈಪು ಒಡೆದಾಗ ಎತ್ತಿ ಮತ್ತೆ ಹಾಸುವ ಸೌಲಭ್ಯ ಹೋಯಿತು. ತೆರೆದ ಕಿಂಡಿಗಳಿರುವ, ನಡುವೆ ಹುಲ್ಲು ಬೆಳೆಯುವ ಗ್ರಾಸ್ ಪೇವರ್ ಈ ಜಾತಿಯಲ್ಲೇ ನೆಲಕ್ಕೆ ಹೆಚ್ಚು ಉಪಕಾರಿ. ಹಗಲಿಡೀ ಕಾರು ನಿಂತಿರುವ ಜಾಗದಲ್ಲಿ ಬಿಸಿಲಿಲ್ಲದೆ ಹುಲ್ಲು ಒಣಗುವುದರಿಂದ, ಅಲ್ಲಿ ಕಿಂಡಿಗಳಿಗೆ ಬೇಬಿ ಜಲ್ಲಿ ತುಂಬುವುದು ವಾಸಿ.

ಉಳಿದವು

ಪಾರ್ಕಿಂಗ್ ಟೈಲ್ಸು ಎಂದು ಮಾರುವವುಗಳಲ್ಲಿ ದಪ್ಪನೆಯ, ಒರಟು ಮೈಯ ವಿಟ್ರಿಫೈಡ್ ಟೈಲ್ಸು ಪೋರ್ಟಿಕೊದ ನೆರಳಿಗೆ ಒಳ್ಳೆಯದು. ಟೈಲಿನ ಬಾಳಿಕೆ ಅದರಡಿಯ ಗಾರೆ ಪೂರ್ತಿ ತುಂಬಿದೆಯೇ ಎಂಬುದರ ಮೇಲಿದೆ. ಕೋಲಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂದದ್ದನ್ನು ಅಂದೇ ಎತ್ತಿಸಬೇಕು. ಸಿಮೆಂಟಿನ ಚೆಕರ್ಡ್ ಟೈಲ್ಸು ಹಳೆಯ, ನಂಬಿಗಸ್ತ ವಸ್ತು, ಆದರೆ ಗೆರೆಗಳಲ್ಲಿ ಧೂಳು ಕೂರುತ್ತದೆ.

ಜಲ್ಲಿ ಹಾಸಿದ ಅಂಗಳ ತೋಟದ ಮನೆಗಳಿಗೆ, ಉದ್ದ ದಾರಿಯವರಿಗೆ ಚೆನ್ನ. ನದಿಯ ಉರುಟು ಕಲ್ಲು ಚಕ್ರಕ್ಕೆ ಜಾರಿ ಹೋಗುತ್ತದೆ. ಒಡೆದ, ಮೂಲೆಗಳಿರುವ 20 ಮಿ.ಮೀ. ಜಲ್ಲಿ ಒಂದಕ್ಕೊಂದು ಕಚ್ಚಿ ನಿಲ್ಲುತ್ತದೆ. ಇದೇ ತತ್ತ್ವದ ಮೇಲೆ ಜಾನ್ ಮೆಕ್‌ಆ್ಯಡಮ್ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟನ್ನಿನ ರಸ್ತೆಗಳನ್ನು ರೂಪಿಸಿದ್ದ. ಸ್ಕೂಟರ್ ಸವಾರರಿಗೆ ಜಲ್ಲಿ ಹಿತವಲ್ಲ, ಉದುರಿದ ಎಲೆ ಗುಡಿಸುವುದೂ ಕಷ್ಟ.

ಡಾಂಬರು ನಮ್ಮ ಮನೆಗಳಲ್ಲಿ ವಿರಳ. ಬಿಸಿ ಮಿಶ್ರಣವನ್ನು ಒಂದು ಮನೆಗಾಗುವಷ್ಟು ತರಿಸುವುದು ಲಾಭದಾಯಕವಲ್ಲ, ಏಪ್ರಿಲ್ ಬಿಸಿಲಿಗೆ ಅದರಲ್ಲಿ ಸ್ಟ್ಯಾಂಡು ಹೂಳುತ್ತದೆ. ಅಮೆರಿಕದ ಉತ್ತರ ಭಾಗದ ರಾಜ್ಯಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಮಾತ್ರ ಮನೆಮುಂದಿನ ಡಾಂಬರು ದಿನದ ಪರಿಚಯ. ಅಲ್ಲಿ ಸಂದುಗಳಿಗಿಳಿದ ನೀರು ಹೆಪ್ಪುಗಟ್ಟಿ ಹಿಗ್ಗುತ್ತದೆ, ಹಿಮ ಕರಗಿಸಲು ಚೆಲ್ಲುವ ಉಪ್ಪು ಕಾಂಕ್ರೀಟಿನ ಮೈ ಕೀಳುತ್ತದೆ. ಬಾಗಬಲ್ಲ ಡಾಂಬರು ಅದನ್ನು ತಾಳಿಕೊಳ್ಳುತ್ತದೆ. ಇಂಗ್ಲೆಂಡಿನಲ್ಲಿ 2008ರ ಅಕ್ಟೋಬರಿನಿಂದ, ಮನೆಮುಂದಿನ ತೋಟದಲ್ಲಿ 5 ಚದರ ಮೀಟರಿಗಿಂತ ಹೆಚ್ಚು ಜಾಗವನ್ನು ನೀರಿಂಗದ ವಸ್ತುವಿನಿಂದ ಮುಚ್ಚಿ, ಆ ನೀರನ್ನು ಬೀದಿಗೆ ಹರಿಯಬಿಡುವುದಾದರೆ ಅನುಮತಿ ಪಡೆಯಬೇಕು. ನಮ್ಮ ನಗರಗಳಿಗೂ ಅಂಥ ಕಟ್ಟಳೆ ತಡವಾಗಿಯಾದರೂ ಬರಬೇಕು.

ಅಂಚುಗಳು, ಆರೈಕೆ

ಗೇಟಿನಾಚೆಯ ರ‍್ಯಾಂಪು ನಿವೇಶನದೊಳಗೇ ಮುಗಿಯಬೇಕು. ಪಾದಚಾರಿ ಮಾರ್ಗದ ಮೇಲೆ ಕಾಂಕ್ರೀಟು ಚಾಚಿ, ಬೀದಿಚರಂಡಿಯನ್ನು ಮುಚ್ಚಿಬಿಟ್ಟರೆ ಹೂಳು ತೆಗೆಯಲು ಪೌರಕಾರ್ಮಿಕರಿಗೆ ದಾರಿಯಿರುವುದಿಲ್ಲ. ಅಂಗಳದ ಮರಗಳ ಬುಡದ ಸುತ್ತ ಕನಿಷ್ಠ ಮೂರು ಅಡಿಯವರೆಗೆ ಹಾಸು ಬೇಡ. ಕುತ್ತಿಗೆಯವರೆಗೆ ಸಿಮೆಂಟು ಹಾಕಿಸಿಕೊಂಡ ತೆಂಗು, ಹೊಂಗೆ ಕೆಲವೇ ವರ್ಷಗಳಲ್ಲಿ ಸೊರಗುತ್ತವೆ, ಇಲ್ಲವೇ ಬೇರು ಹಾಸನ್ನೇ ಎತ್ತುತ್ತದೆ.

ಮಂಗಳೂರು, ಉಡುಪಿ, ಆಗುಂಬೆಯ ಕಡೆ ಮಳೆಗಾಲದ ಪಾಚಿಯೇ ದೊಡ್ಡ ಶತ್ರು. ಮನೆಯ ಹಿರಿಯರು ಬಿದ್ದು ಸೊಂಟ ಮುರಿದುಕೊಳ್ಳುವುದು ಮನೆಯೊಳಗಿನಷ್ಟೇ ಅಂಗಳದಲ್ಲೂ ಉಂಟು. ಜೂನಿಗೆ ಮೊದಲು ಒಮ್ಮೆ, ಆಗಸ್ಟಿನಲ್ಲಿ ಇನ್ನೊಮ್ಮೆ ಬ್ಲೀಚಿಂಗ್ ಪುಡಿ ಕದಡಿದ ನೀರು ಹಾಕಿ ಗಟ್ಟಿ ಪೊರಕೆಯಿಂದ ಉಜ್ಜಿ ತೊಳೆಯಬೇಕು. ಬ್ಲಾಕಿನ ಅಂಗಳವಾದರೆ ಮಳೆಗಾಲ ಕಳೆದ ಮೇಲೆ ಸಂದಿನಿಂದ ಕೊಚ್ಚಿಹೋದ ಮರಳನ್ನು ಮತ್ತೆ ತುಂಬಬೇಕು. ಅರ್ಧ ಚೀಲ ಮರಳು, ಒಂದು ಪೊರಕೆ, ಒಂದು ಬೆಳಗಿನ ಕೆಲಸ. ಹೊಸ ಬ್ಲಾಕು, ಕಾಂಕ್ರೀಟಿನ ಮೇಲೆ ಮೊದಲ ವರ್ಷ ಏಳುವ ಬಿಳಿ ಉಪ್ಪಿನಂಥ ಕಲೆಗೆ ಗಾಬರಿಯಾಗಬೇಕಿಲ್ಲ, ಮಳೆಗೆ ತೊಳೆದುಹೋಗುತ್ತದೆ.

ಯಾವ ಹಾಸನ್ನೇ ಆರಿಸಿದರೂ ಹೊಸ್ತಿಲ ಮುಂದೆ, ಚಕ್ರ ಬಾರದ ಕಡೆ, ಮೂರಡಿ ಚೌಕದಷ್ಟು ಜಾಗವನ್ನು ಬೇರೆಯಾಗಿ ಬಿಡುವುದು ಒಳಿತು. ಬ್ಲಾಕಿನ ಸಂದುಗಳಲ್ಲಿ ರಂಗೋಲಿಪುಡಿ ಇಳಿದುಹೋಗುತ್ತದೆ, ಚೆಕರ್ಡ್ ಟೈಲಿನ ಮೇಲೆ ಎಳೆ ತುಂಡಾಗುತ್ತದೆ, ಹೊಳೆಯುವ ಟೈಲಿನ ಮೇಲೆ ಪುಡಿ ನಿಲ್ಲುವುದಿಲ್ಲ. ಅಲ್ಲಿಗೊಂದು ಅಖಂಡ ಕಡಪಾ ಕಲ್ಲು ಕೂರಿಸಿದರೆ, ನೀರು ಚಿಮುಕಿಸಿದ ಕಪ್ಪು ಮೈಮೇಲೆ ಬಿಳಿಯ ಎಳೆ ಬೆಳಿಗ್ಗೆ ಆರು ಗಂಟೆಯ ಮಬ್ಬಿನಲ್ಲೂ ಬೀದಿಗೆ ಕಾಣುತ್ತದೆ.